ವಿಜ್ಞಾನಿಗಳ ಮಾತು ನಮ್ಮ ಊರಿಗೆ ಬರುವುದು ಹೇಗೆ?



ವಿಜ್ಞಾನಿಗಳು ಹೊಸದನ್ನು ಕಂಡುಹಿಡಿದರೆ ಅದನ್ನು ಸಂಶೋಧನಾ ಪ್ರಬಂಧವಾಗಿ ಬರೆಯುತ್ತಾರೆ. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತೆ. ಓದುವವರೂ ಬೇರೆ ವಿಜ್ಞಾನಿಗಳೇ. ಹಾಗಾದರೆ ನಮಗೆ ಹೇಳುವವರು ಯಾರು? ಅದಕ್ಕೇ ವಿಜ್ಞಾನ ಲೇಖಕರು ಇರೋದು.

ಒಂದು ಉದಾಹರಣೆ ನೋಡೋಣ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅನೇಕ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಜ್ಞಾನಿಗಳು ಹೇಳುತ್ತಾರೆ. ಹೀಗಂದರೆ ನಮ್ಮ ಅಜ್ಜಿಗೆ ಏನು ಗೊತ್ತಾಗುತ್ತೆ? ಅದನ್ನೇ ಹೀಗೆ ಹೇಳಬಹುದು: 1000 ಲೀಟರಿನ ಟ್ಯಾಂಕಿಗೆ 1.5 ಗ್ರಾಂ, ಅಂದರೆ ಸುಮಾರು ಕಾಲು ಚಮಚ ಉಪ್ಪಿನಷ್ಟು ತೂಕ. ಅದು ಕಣ್ಣಿಗೆ ಕಾಣಲ್ಲ. ಆದರೆ ಮಿತಿ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತೆ. ಬಹಳ ಜಾಸ್ತಿಯಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ.

"ಕುದಿಸಿ ಕುಡಿದರೆ ಆಯ್ತಲ್ಲ?" ಅಂತ ಕೇಳಬಹುದು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಹೋಗುತ್ತೆ, ಅದು ಪಾತ್ರೆಯಲ್ಲೇ ಉಳಿಯುತ್ತೆ. ಸಾರು ತುಂಬಾ ಕುದ್ದರೆ ಉಪ್ಪಾಗುತ್ತಲ್ಲ, ಹಾಗೆ!

ನೋಡಿ, ಅಂಕಿ ಬದಲಾಗಲಿಲ್ಲ, ಮಾತು ಬದಲಾಯಿತು. ಒಳ್ಳೆಯ ಲೇಖಕರು ಇದ್ದದ್ದನ್ನು ಉಬ್ಬಿಸಿ ಹೇಳಿ ಹೆದರಿಸುವುದೂ ಇಲ್ಲ. ಹಲ್ಲಿನ ಕಲೆಗೆಲ್ಲಾ ಫ್ಲೋರೈಡೇ ಕಾರಣವಲ್ಲ, ನೀರನ್ನು ಪರೀಕ್ಷಿಸಿಯೇ ತಿಳಿಯಬೇಕು.

ಕನ್ನಡದಲ್ಲಿ ಈ ಕೆಲಸ ಹಳೆಯದು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆ ನಡೆಸಿದರು. ಅದು ಎರಡೇ ವರ್ಷ ಬಾಳಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ಜಯನಗರದ ಪಕ್ಕದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನಿಗಳೇ ಬಂದು ಜನರ ಮುಂದೆ ಮಾತಾಡಿದರು. 1978ರಲ್ಲಿ ನಮ್ಮಂಥ ಮಕ್ಕಳಿಗಾಗಿ 'ಬಾಲ ವಿಜ್ಞಾನ' ಮಾಸಪತ್ರಿಕೆ ಬಂತು. ಅದನ್ನು ಪ್ರಕಟಿಸಿಕೊಂಡು ಬಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನ ಇರುವುದು ಬನಶಂಕರಿ 2ನೇ ಹಂತದಲ್ಲಿ.

ಬನಶಂಕರಿಯಿಂದ ಪತ್ರಿಕೆ ಬರಬಹುದು. ಆದರೆ ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಏನಿದೆ ಅಂತ ಅಲ್ಲಿಂದ ಯಾರೂ ಬರೆಯಲಾರರು. ಗುರುಗಳಲ್ಲಿ ನನ್ನ ವಿನಂತಿ: ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸೋಣ. ಬಂದ ಅಂಕಿಯನ್ನು ನಮ್ಮ ಅಜ್ಜಿಗೂ ತಿಳಿಯುವ ಹಾಗೆ ಮುಂದಿನ ಸಂಚಿಕೆಯಲ್ಲಿ ನಾನು ಬರೀತೀನಿ.