ಒಂದು ಸೆಕೆಂಡಿನ ಗರಗಸ

ಭಟ್ಕಳ, ಹೊನ್ನಾವರ, ಕುಮಟಾ: ಮೂರೂ ಕಡೆ ಒಂದೊಂದು ಆಂಟೆನಾ ನಿಲ್ಲಿಸಿದ್ದೇವೆ ಅಂದುಕೊಳ್ಳೋಣ. ಕಡಲಿನಲ್ಲಿರುವ ಬೋಟಿನ ರೇಡಿಯೊ ಸಿಗ್ನಲ್ ಯಾವ ಊರಿಗೆ ಎಷ್ಟು ಮೊದಲು ತಲುಪಿತು ಅಂತ ಅಳೆದು, ಬೋಟ್ ಎಲ್ಲಿದೆ ಎಂದು ಹೇಳಬೇಕು. ಇದಕ್ಕೆ ಮೂರೂ ಊರಿನ ಗಡಿಯಾರಗಳು ಒಂದೇ ಸಮಯ ತೋರಿಸಬೇಕು. ರೇಡಿಯೊ ತರಂಗ ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂ.ಮೀ. ಸಾಗುತ್ತದೆ. ಗಡಿಯಾರಗಳ ನಡುವೆ 100 ನ್ಯಾನೊಸೆಕೆಂಡ್ ವ್ಯತ್ಯಾಸ ಬಂದರೆ ಲೆಕ್ಕದಲ್ಲಿ 30 ಮೀಟರ್ ತಪ್ಪು. ಬೋಟ್ ದೂರ ಹೋದಷ್ಟೂ ಅದು ಹಿಗ್ಗುತ್ತದೆ.

ಜಿಪಿಎಸ್ ರಿಸೀವರ್ ಸೆಕೆಂಡಿಗೊಂದು ಪಲ್ಸ್ ಕೊಡುತ್ತದಲ್ಲ, ಅದು ಸಾಲದೇ? ಇಲ್ಲೇ ಸಣ್ಣ ತೊಡಕಿದೆ. ರಿಸೀವರ್‌ಗೆ ಸರಿಯಾದ ಸಮಯ ಗೊತ್ತು, ಆದರೆ ಪಲ್ಸ್ ಹೊರಬೀಳುವುದು ಅದರ ಒಳಗಿನ ಕ್ಲಾಕ್ ಟಿಕ್ ಎಂದಾಗಲೇ. ಟಿಕ್‌ಗಳ ನಡುವೆ ಕಳಿಸೋಕೆ ಆಗಲ್ಲ. ಹಳೆಯ ಮೊಟೊರೋಲಾ ಆಂಕೋರ್ ಯುಟಿ ಪ್ಲಸ್‌ನಲ್ಲಿ ಹೀಗಾಗುವ ತಪ್ಪು ಸುಮಾರು ±52 ನ್ಯಾನೊಸೆಕೆಂಡ್. ಯು-ಬ್ಲಾಕ್ಸ್ ಎಲ್‌ಇಎ-6ಟಿಯಲ್ಲಿ ಟಿಕ್‌ಗಳ ಅಂತರ 21 ನ್ಯಾನೊಸೆಕೆಂಡ್. ತಪ್ಪನ್ನು ಗ್ರಾಫ್ ಹಾಕಿ ನೋಡಿ, ಗರಗಸದ ಹಲ್ಲಿನಂತೆ ಕಾಣುತ್ತದೆ. ನಮ್ಮ ನಾವಿಕ್ ಇರಲಿ, ಜಿಪಿಎಸ್ ಇರಲಿ, ಟಿಕ್‌ಗೆ ಕಾಯುವ ಯಾವ ರಿಸೀವರ್‌ಗೂ ಇದು ತಪ್ಪಿದ್ದಲ್ಲ.

ಸರಾಸರಿ ತೆಗೆದರೆ ಆಯ್ತಲ್ಲ ಅನ್ನಬಹುದು. ಬಹಳ ಸಲ ಆಗುತ್ತದೆ. ಆದರೆ ಕೆಲವೊಮ್ಮೆ ಒಂದು ಸೆಕೆಂಡಿನಲ್ಲಿ ಟಿಕ್‌ಗಳು ಹೆಚ್ಚುಕಡಿಮೆ ಪೂರ್ಣಸಂಖ್ಯೆಯಲ್ಲೇ ಬಂದುಬಿಡುತ್ತವೆ. ಆಗ ಬಹಳ ಹೊತ್ತು ತಪ್ಪು ಒಂದೇ ಕಡೆ ನಿಲ್ಲುತ್ತದೆ. ಗ್ರಾಫಿನ ಆಕಾರ ನೋಡಿ ಇದಕ್ಕೆ ‘ತೂಗುಸೇತುವೆ’ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸರಾಸರಿಯೂ ತಪ್ಪೇ.

ಒಳ್ಳೆಯ ಸಂಗತಿ ಏನೆಂದರೆ, ಟೈಮಿಂಗ್ ರಿಸೀವರ್‌ಗೆ ತನ್ನ ತಪ್ಪು ಎಷ್ಟೆಂದು ಗೊತ್ತಿರುತ್ತದೆ. ಮುಂದಿನ ಪಲ್ಸ್ ಎಷ್ಟು ಆಚೀಚೆ ಬರಲಿದೆ ಎಂದು ಸೀರಿಯಲ್ ಪೋರ್ಟ್‌ನಲ್ಲಿ ಮೊದಲೇ ತಿಳಿಸುತ್ತದೆ. ಮೈಕ್ರೊಕಂಟ್ರೋಲರ್ ಅದನ್ನು ಓದಿ, ಡಿಎಸ್1023-100ರಂಥ ಡಿಲೇ ಚಿಪ್‌ಗೆ 8 ಬಿಟ್‌ನ ಸಂಖ್ಯೆ ಕೊಟ್ಟರೆ ಸಾಕು. ಅದು 1 ನ್ಯಾನೊಸೆಕೆಂಡ್ ಹೆಜ್ಜೆಯಲ್ಲಿ 255ರವರೆಗೆ ಪಲ್ಸ್ ತಡಮಾಡುತ್ತದೆ.

ಆದರೆ ಚಿಪ್ ತಡಮಾಡಬಲ್ಲದು, ಬೇಗ ಕಳಿಸಲಾರದು. ಅದಕ್ಕೇ 60 ನ್ಯಾನೊಸೆಕೆಂಡ್ ತಡ ಯಾವಾಗಲೂ ಇರಲಿ. ಪಲ್ಸ್ 20 ಮೊದಲೇ ಬರುವುದಾದರೆ 80 ಕೊಡಿ. 35 ತಡವಾಗುವುದಾದರೆ 25. ಎರಡೂ ಸಲ ಪಲ್ಸ್ ನಿಖರವಾಗಿ 60 ತಡ. ಈ ಅರವತ್ತಕ್ಕೆ ಚಿಪ್‌ನ ಸ್ವಂತ ವಿಳಂಬವನ್ನೂ ಸೇರಿಸಿ, ರಿಸೀವರ್‌ನ ಕೇಬಲ್ ವಿಳಂಬದ ಸೆಟ್ಟಿಂಗ್‌ಗೆ ಕೂಡಿಸಿದರೆ ಪಲ್ಸ್ ಸರಿಯಾದ ಜಾಗಕ್ಕೆ ಬರುತ್ತದೆ.

ಇದರಿಂದ ಗರಗಸದ ಹಲ್ಲು ಮಾತ್ರ ಸವೆಯುತ್ತದೆ. ಅಯಾನುಗೋಳದ ವಿಳಂಬ, ಗೋಡೆಗೆ ಬಡಿದು ಬಂದ ಸಿಗ್ನಲ್, ಆಂಟೆನಾದ ಜಾಗ ತಪ್ಪಾಗಿ ನಮೂದಾಗಿರುವುದು, ಇವೆಲ್ಲ ಹಾಗೇ ಉಳಿಯುತ್ತವೆ. ಪ್ಲಸ್-ಮೈನಸ್ ಚಿಹ್ನೆ ತಿರುವುಮುರುವಾದರಂತೂ ತಪ್ಪು ಎರಡರಷ್ಟಾಗುತ್ತದೆ. ಒಮ್ಮೆ ಸ್ಕೋಪ್‌ನಲ್ಲಿ ನೋಡಿಬಿಡಿ. ಎಲ್ಲ ಮಾಡ್ಯೂಲ್‌ಗಳೂ ತಪ್ಪಿನ ಲೆಕ್ಕ ಕೊಡುವುದಿಲ್ಲ. ಪ್ರಾಜೆಕ್ಟ್‌ಗೆ ಕೊಳ್ಳುವ ಮುಂಚೆ ಡೇಟಾಶೀಟ್‌ನಲ್ಲಿ ಮೊದಲು ಅದನ್ನೇ ಹುಡುಕಿ, ಬೆಲೆ ಆಮೇಲೆ ನೋಡೋಣ.