ನಿಮಗಿದು ಗೊತ್ತೇ? ಹಳೇ ಕಾರು ಸರಿ, ಎಂಜಿನ್ ಅದರದ್ದೇನಾ?

ಮೆಟ್ಟೂರು ಬಿಟ್ಟು ಕೊಳತ್ತೂರು, ಪಾಲಾರ್ ದಾಟಿ ಮಾದಪ್ಪನ ಬೆಟ್ಟ ಹತ್ತುವ ದಾರಿ ಗೊತ್ತಲ್ಲ? ಅಂಥ ದಾರಿಯಲ್ಲಿ ದುಡಿದ ಜೀಪೋ ಅಂಬಾಸಿಡರೋ ಮಾರಾಟಕ್ಕೆ ಬಂದರೆ ಮೊದಲು ಏಳುವ ಪ್ರಶ್ನೆ, ‘ಎಂಜಿನ್ ಒರಿಜಿನಲ್ಲಾ?’ ಉತ್ತರ ಬ್ಲಾಕ್ ಮೇಲೇ ಅಚ್ಚಾಗಿರುತ್ತದೆ. ಓದುವುದು ಹೇಗೆ ಅಂತ ತಿಳಿದಿರಬೇಕು, ಅಷ್ಟೇ.

ಎರಡನೇ ಮಹಾಯುದ್ಧದ ಜೀಪುಗಳನ್ನು ವಿಲ್ಲೀಸ್, ಫೋರ್ಡ್ ಎರಡೂ ಕಂಪನಿಗಳು ಕಟ್ಟಿದವು. ನೋಡಲು ಅವಳಿಜವಳಿ. ಆದರೆ ಫೋರ್ಡ್‌ನ ಜಿಪಿಡಬ್ಲ್ಯು ಜೀಪಿನಲ್ಲಿ ಚಾಸಿ ನಂಬರೂ ಎಂಜಿನ್ ನಂಬರೂ ಒಂದೇ. ವಿಲ್ಲೀಸ್ ಎಂಬಿಯಲ್ಲಿ ಎರಡೂ ಬೇರೆ. ಹಾಗಾಗಿ ವಿಲ್ಲೀಸ್ ಎಂಬಿಯಲ್ಲಿ ಎರಡು ನಂಬರೂ ಒಂದೇ ಇದ್ದರೆ ಹಿಗ್ಗಬೇಡಿ, ಯಾರೋ ಆಮೇಲೆ ಅಚ್ಚು ಹೊಡೆದಿರಬಹುದು. ಫೋರ್ಡ್ ಇನ್ನೊಂದು ಗುರುತನ್ನೂ ಬಿಟ್ಟಿದೆ: ಬೋಲ್ಟಿನ ತಲೆಯ ಮೇಲೂ ಪುಟ್ಟದೊಂದು ‘ಎಫ್’ ಅಕ್ಷರ.

ನಂಬರ್ ಸವೆದುಹೋದ ಜೀಪಾದರೆ? ಹೆಡ್ ನೋಡಿ. ಯುದ್ಧಕಾಲದ ಎಂಜಿನ್ನಿನ ಹೆಡ್ ಚಪ್ಪಟೆ, ವಾಲ್ವುಗಳೆಲ್ಲ ಬ್ಲಾಕಿನೊಳಗೆ. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವು ಹೆಡ್ಡಿಗೆ ಏರಿತು, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಅದಕ್ಕೇ ಮೇಲೊಂದು ಟ್ಯಾಪೆಟ್ ಕವರ್ ಕಾಣುತ್ತದೆ. ಸ್ಪಾರ್ಕ್ ಪ್ಲಗ್ಗೇ ಇಲ್ಲದೆ ಇಂಜೆಕ್ಟರ್ ಪೈಪುಗಳು ಕಂಡರೆ ಅದು ಡೀಸೆಲ್. ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಹಳೆಯ ಜೀಪುಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಂಬರ್ ನೋಡುವುದಕ್ಕೆ ಅವಸರ ಬೇಡ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗ್ರೀಸು, ಧೂಳು ಒರೆಸಿ. ತಂತಿ ಬ್ರಷ್ ಹಾಕಿ ಉಜ್ಜಿದರೆ ಇರುವ ಸಾಕ್ಷಿಯೂ ಅಳಿಸೀತು. ಒಣಗಿದ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ಲನ್ನು ಓರೆ ಹಿಡಿದು ಮೆಲ್ಲಗೆ ಉಜ್ಜಿ. ಆರ್‌ಟಿಒ ಕಚೇರಿಗೆ ಕೊಡುವ ಪೆನ್ಸಿಲ್ ಪ್ರಿಂಟ್ ಇದೇ. ಈಗ ಅಂಕಿಗಳ ಸುತ್ತಲಿನ ಮೈ ನೋಡಿ. ಕಾರ್ಖಾನೆಯಲ್ಲಿ ಮೆಷಿನ್ ಮಾಡಿದ ಜಾಗವಾದರೆ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಓಡಿರುತ್ತವೆ, ಅವುಗಳ ಮೇಲೆ ಅಂಕಿ ಬಿದ್ದಿರುತ್ತದೆ. ಗ್ರೈಂಡರ್ ಆಡಿಸಿದ ಜಾಗದಲ್ಲಿ ಗೆರೆಗಳು ಸುತ್ತು ಹೊಡೆದಿರುತ್ತವೆ, ಇಲ್ಲವೇ ಆ ಒಂದು ಅಂಗೈಯಗಲ ಜಾಗ ಮಾತ್ರ ತಗ್ಗಾಗಿ ಮಿರುಗುತ್ತಿರುತ್ತದೆ. ಅಂಕಿ ಕೊಂಚ ಸೊಟ್ಟಗಿದ್ದರೆ ಮಾತ್ರ ಗಾಬರಿ ಬೇಡ. ಸುತ್ತಿಗೆ ಹಿಡಿದು ಕೈಯಲ್ಲೇ ಹೊಡೆದ ಕಾಲ ಅದು.

ಅಂಬಾಸಿಡರ್ ಕೊಳ್ಳುವವರು ಗಮನಿಸಿ: ಆರ್‌ಸಿ ಪುಸ್ತಕದಲ್ಲಿ 1489 ಸಿಸಿ ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ. ಹಿಂದೂಸ್ತಾನ್ ಮೋಟಾರ್ಸ್‌ನ ಹಳೆಯ ಪೆಟ್ರೋಲ್ ಎಂಜಿನ್ನೂ 1489, ಡೀಸೆಲ್ ಎಂಜಿನ್ನೂ 1489! ಇಂಧನದ ಕಾಲಂ ಓದಿ. 1817 ಸಿಸಿಯ ಇಸುಜು ಪೆಟ್ರೋಲ್ ಎಂಜಿನ್ ಅಂಬಾಸಿಡರಿಗೆ ಬಂದದ್ದು 1990ರ ದಶಕದಲ್ಲಿ. 1970ರ ಕಾರಿನಲ್ಲಿ ಅದು ಕೂತಿದ್ದರೆ ಬೇರೆ ಪುರಾವೆಯೇ ಬೇಡ. ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಮಾಯವಾಗಿ ನೆಲದಿಂದ ಐದು ಗೇರಿನ ಲಿವರ್ ಎದ್ದಿದ್ದರೂ ಅದೇ ಸುಳಿವು.

ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಎಂಜಿನ್? 1089 ಸಿಸಿ.

ಮದರಾಸಿನ ಹತ್ತಿರದ ವಂಡಲೂರಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನದು 948 ಸಿಸಿ. ಇಂಗ್ಲೆಂಡಿನ ಹೆರಾಲ್ಡ್ 1961ರಲ್ಲೇ 1147ಕ್ಕೆ ಏರಿತ್ತು. ಹೆರಾಲ್ಡ್ ಪರೀಕ್ಷಿಸುವುದು ನನಗಂತೂ ಬಲು ಇಷ್ಟ: ಬಾನೆಟ್ಟು, ಮಡ್‌ಗಾರ್ಡು ಎಲ್ಲ ಒಟ್ಟಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ, ಎಂಜಿನ್ ಪೂರ್ತಿ ಕಣ್ಣೆದುರು.

ಫೋರ್ಡ್ ಮಾಡೆಲ್ ಟಿ ಕಾರಿಗೆ ಎಂಜಿನ್ ನಂಬರೇ ಕಾರಿನ ನಂಬರ್. ಎಂಜಿನ್ ಬದಲಾದರೆ ಗುರುತೇ ಬದಲು.

ನಂಬರಿಗಿಂತ ಸುಳ್ಳಾಡಿಸಲು ಕಷ್ಟವಾದದ್ದು ಎರಕದ ತಾರೀಖು. ಷೆವ್ರೊಲೆ ಬ್ಲಾಕಿನಲ್ಲಿ ಅದು ಉಬ್ಬಾಗಿ ಎರಕ ಹೊಯ್ದೇ ಬಂದಿರುತ್ತದೆ. ‘ಎ’ ಎಂದರೆ ಜನವರಿ, ‘ಎಲ್’ ಎಂದರೆ ಡಿಸೆಂಬರ್. ‘ಸಿ 12 9’ ಎಂದಿದ್ದರೆ ಮಾರ್ಚ್ 12, 9ರಲ್ಲಿ ಮುಗಿಯುವ ವರ್ಷ. ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಕಾರು ಕೊನೆಗೆ. ಕಾರು ತಯಾರಾದ ಮೇಲೆ ಎರಕವಾದ ಬ್ಲಾಕ್ ಅದರದ್ದಾಗಲು ಸಾಧ್ಯವೇ ಇಲ್ಲ.

ಬೋರ್ ಹಾಕಿಸಿದರೆ, ಸ್ಲೀವ್ ಕೂರಿಸಿದರೆ ಒರಿಜಿನಲ್ ಪಟ್ಟ ಹೋಗುತ್ತದೆಯೇ? ಇಲ್ಲ, ಬ್ಲಾಕ್ ಅದೇ ತಾನೆ. ಅಪಾಯ ಇರುವುದು ಬ್ಲಾಕಿನ ಮೇಲ್ಮೈಯನ್ನು ಮೆಷಿನ್‌ನಲ್ಲಿ ಹೆರೆಸುವಾಗ. ಷೆವ್ರೊಲೆ ವಿ8ನಂಥ ಎಂಜಿನ್‌ಗಳ ನಂಬರ್ ಆ ಮೇಲ್ಮೈಯಲ್ಲೇ ಇರುತ್ತದೆ. ಒಂದು ಸಲ ಕಟರ್ ಆಡಿದರೆ ಮುಗಿಯಿತು. ಕೆಲಸ ಕೊಡುವ ಮೊದಲೇ ಮೇಸ್ತ್ರಿಗೆ ಬೆರಳಿಟ್ಟು ತೋರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಜಾಗ್ವಾರ್ ಎಂಜಿನ್ ನಂಬರಿನ ಕೊನೆಯಲ್ಲಿ 8 ಅಥವಾ 9 ಎಂಬ ಬಾಲ ಇದ್ದರೆ ಅದು ಕಂಪ್ರೆಷನ್ ಅನುಪಾತ. ಎಂಜಿ, ಆಸ್ಟಿನ್ ಇರುವವರಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ತೆಗೆದು ಪ್ರಮಾಣಪತ್ರ ಕೊಡುತ್ತದೆ. ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಕೊಯಮತ್ತೂರಿನ ಜಿಡಿ ಕಾರ್ ಮ್ಯೂಸಿಯಂ ಇದೆ, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವೂ ಇದೆ.

ಕಾನೂನೂ ಈಗ ಈ ಪ್ರಶ್ನೆ ಕೇಳುತ್ತದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, 10 ವರ್ಷದ ಬಳಿಕ ನವೀಕರಣಕ್ಕೆ 5,000. ನಂಬರಿನಲ್ಲಿ ‘ವಿಎ’ ಅಕ್ಷರಗಳು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು.

ಎಂಜಿನ್ ಬದಲಾಗಿದ್ದರೂ ಕಾರಿಗೆ ಕಳಂಕವೇನಿಲ್ಲ; ಬದಲಾದದ್ದನ್ನು ಆರ್‌ಸಿಯಲ್ಲಿ ದಾಖಲಿಸದೆ ಮುಚ್ಚಿಟ್ಟರೆ ಮಾತ್ರ ತಪ್ಪು. ಇನ್ನೊಂದು ಬೇಡಿಕೆ, ಮನಸಾರೆ: ತೆಗೆದಿಟ್ಟ ಹಳೇ ಬ್ಲಾಕನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಬೇಡಿ. ಎಣ್ಣೆ ಸವರಿ, ಗೋಣಿಚೀಲ ಸುತ್ತಿ, ಮೊದಲ ಆರ್‌ಸಿ ಪುಸ್ತಕದ ನಕಲನ್ನು ಅದರ ಜೊತೆಗೇ ಕಟ್ಟಿಡಿ. ಕಾರು ಕೈ ಬದಲಾಯಿಸುವಾಗ ಆ ಬ್ಲಾಕೂ ಜೊತೆಯಲ್ಲೇ ಹೋಗಲಿ.