ಗಡ್ಡಕ್ಕೊಂದು ಕುಂಚ

ಸಂಸ್ಕೃತದಲ್ಲಿ ‘ಕೂರ್ಚ’ ಎಂಬ ಶಬ್ದವೊಂದುಂಟು. ದರ್ಭೆಯ ಕಟ್ಟಿಗೂ ಅದೇ ಹೆಸರು, ಗಡ್ಡಕ್ಕೂ ಅದೇ ಹೆಸರು, ಬಣ್ಣ ಬಳಿಯುವ ಸಾಧನಕ್ಕೂ ಅದೇ ಹೆಸರು. ನಮ್ಮ ‘ಕುಂಚ’ ಅದರ ತದ್ಭವ. ಗಡ್ಡವನ್ನೂ ಕುಂಚವನ್ನೂ ಒಂದೇ ಮಾತಿನಲ್ಲಿ ಅಡಗಿಸಿದ ಹಿರಿಯರು ನಮ್ಮ ಇಂದಿನ ಕ್ಷೌರದ ಪೆಟ್ಟಿಗೆಯನ್ನು ಕಂಡವರಲ್ಲ. ಆದರೂ ಆ ಶಬ್ದವು ಹೇಳುವ ತತ್ತ್ವ ದಿಟವಾದುದು: ಒಂದು ತುದಿಯಲ್ಲಿ ಬಿಗಿದು ಮತ್ತೊಂದು ತುದಿಯಲ್ಲಿ ಬಿಡಿಸಿಟ್ಟ ಎಳೆಗಳ ಕಟ್ಟೇ ಕುಂಚ. ಹಿಡಿಯ ಅಂದಚಂದವೆಲ್ಲ ಆಮೇಲಿನ ಮಾತು.

ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನಾವು ಇದನ್ನು ಮರೆಯುತ್ತೇವೆ. ಹಿಡಿಯ ಹೊಳಪಿಗೆ ಮರುಳಾಗಿ, ಬೆಲೆ ಕಡಿಮೆಯೆಂದು ಹಿಗ್ಗಿ, ಸಿಕ್ಕಿದ ಬ್ರಷ್ಷನ್ನು ಕೊಂಡು ತರುತ್ತೇವೆ. ನಾಲ್ಕು ವಾರ ಕಳೆಯುವಷ್ಟರಲ್ಲಿ ನೊರೆಯೊಡನೆ ಕೂದಲೂ ಕೆನ್ನೆಗೆ ಅಂಟತೊಡಗುತ್ತದೆ. ಆರು ತಿಂಗಳಿಗೊಂದು ಹೊಸ ಬ್ರಷ್ಷು, ಆರು ತಿಂಗಳಿಗೊಂದು ಹೊಸ ಬೇಸರ. ಅಗ್ಗವೆಂದು ಮುಗ್ಗಿದ ಜೋಳವನ್ನು ಕೊಂಡ ಹಾಗೆ! ಅಗ್ಗ ಬೇರೆ, ಮಿತವ್ಯಯ ಬೇರೆ ಎಂಬ ವಿವೇಕವನ್ನು ಕಲಿಸಲು ಕ್ಷೌರಕುಂಚದಂಥ ಗುರು ಮತ್ತೊಂದಿಲ್ಲ.

ಡಬ್ಬಿಯಿಂದ ಹೊರಬೀಳುವ ಸಿದ್ಧ ನೊರೆಯ ಕಾಲದಲ್ಲಿ ಕುಂಚವೇ ಏಕೆ ಬೇಕೆಂದು ಕೇಳುವವರಿದ್ದಾರೆ. ನೀರು ಹೀರಿ ಉಬ್ಬಿದ ಗಡ್ಡದ ಕೂದಲು ಒಣಕೂದಲಿಗಿಂತ ಬಹು ಸುಲಭವಾಗಿ ಕತ್ತರಿಸುತ್ತದೆ. ಆ ನೀರನ್ನು ಎರಡು ಮೂರು ನಿಮಿಷ ಕೆನ್ನೆಯ ಮೇಲೆ ಹಿಡಿದು ನಿಲ್ಲಿಸುವುದೇ ನೊರೆಯ ಕೆಲಸ. ನೀರನ್ನು ಸಾಬೂನಿನೊಡನೆ ಬೆರೆಸಿ ಕೂದಲಿನ ಬುಡಕ್ಕೆ ಮುಟ್ಟಿಸುವುದು ಕುಂಚದ ಕೆಲಸ. ಇದರ ಜೊತೆಗೆ ಒಂದು ಸಾಬೂನಿನ ಬಿಲ್ಲೆ ತಿಂಗಳುಗಟ್ಟಲೆ ಬಾಳುವುದರಿಂದ, ಒಳ್ಳೆಯ ಕುಂಚ ತನ್ನ ಬೆಲೆಯನ್ನು ತಾನೇ ದುಡಿದು ತೀರಿಸುತ್ತದೆ.

ಕುಂಚಗಳಲ್ಲಿ ಮುಖ್ಯವಾದ ಕುಲಗಳು ನಾಲ್ಕು. ಎಲ್ಲಕ್ಕಿಂತ ದುಬಾರಿಯಾದುದು ಬ್ಯಾಜರ್ ಎಂಬ ಪ್ರಾಣಿಯದು. ಅದು ನಮ್ಮ ತರಕರಡಿಯ ದೂರದ ನೆಂಟ. ಅದರ ಕೂದಲು ಮೃದು, ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಹಂದಿಯ ಕೂದಲು ಒರಟು, ಆದರೆ ಗಟ್ಟಿ. ಬಳಸುತ್ತ ಬಳಸುತ್ತ ಅದರ ತುದಿ ಸೀಳಿ ಮೆತ್ತಗಾಗುತ್ತದೆ; ಆದಕಾರಣ ಮೊದಲ ಕೆಲವು ವಾರ ತಾಳ್ಮೆ ಬೇಕು, ಪ್ರತಿದಿನವೂ ಬಿಸಿನೀರಿನಲ್ಲಿ ಕೆಲವು ನಿಮಿಷ ನೆನೆಸಬೇಕು. ಕುದುರೆಯ ಕೂದಲು ಇವೆರಡರ ನಡುವಿನದು. ಕೊನೆಯದು ಕೃತಕ ಎಳೆ. ಹಳೆಯ ನೈಲಾನ್ ಕುಂಚಗಳು ಕೆನ್ನೆಯನ್ನು ಗೀಚುತ್ತಿದ್ದುದು ನಿಜ. ಇಂದಿನ ಎಳೆಗಳು ಹಾಗಲ್ಲ. ಅವು ಮೃದುವಾಗಿವೆ, ಬೇಗ ಒಣಗುತ್ತವೆ, ನೆನೆಸುವ ಗೋಜಿಲ್ಲ. ಹಂದಿಯ ಕೂದಲು ಮುಖಕ್ಕೆ ತಗಲಬಾರದೆಂಬ ಮನೆಗಳು ನಮ್ಮಲ್ಲಿ ಬಹಳ. ಅವರಿಗೂ ಇದರಿಂದ ತೊಡಕಿಲ್ಲ.

ಅಗ್ಗದ ಕುಂಚವೊಂದು ಜೀವವನ್ನೇ ಬಲಿ ಕೇಳಿದ ಕಾಲವೂ ಇತ್ತೆಂಬುದನ್ನು ವಾಚಕರು ತಿಳಿದಿರಬೇಕು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗುವ ಮುಂಚೆ ಕುಂಚದ ಕೂದಲು ಯೂರೋಪಿನ ಕೇಂದ್ರಗಳಲ್ಲಿ ಶುದ್ಧಿಯಾಗಿ ಮಾರುಕಟ್ಟೆಗೆ ಬರುತ್ತಿತ್ತು. ಯುದ್ಧ ಆ ದಾರಿಯನ್ನು ಮುಚ್ಚಿತು. ಬ್ಯಾಜರಿನ ಕೂದಲು ದುರ್ಲಭವಾಯಿತು. ಇತ್ತ ವಿಷಾನಿಲದ ಮುಖವಾಡ ಸರಿಯಾಗಿ ಕೂರಬೇಕಾದರೆ ಸೈನಿಕನ ಕೆನ್ನೆ ನುಣ್ಣಗಿರಬೇಕು. ಆದ್ದರಿಂದ ಕುಂಚಕ್ಕೆ ಬೇಡಿಕೆ ಹೆಚ್ಚಿತು. ಆಗ ಪೂರ್ವದೇಶಗಳಿಂದ ಬಂದ, ಸರಿಯಾಗಿ ಶುದ್ಧಿಗೊಳಿಸದ ಕುದುರೆಯ ಕೂದಲನ್ನು ಬ್ಯಾಜರಿನಂತೆ ಕಾಣಿಸಿ ಕಟ್ಟಿ ಮಾರಿದರು. ಆ ಕೂದಲಿನಲ್ಲಿ ಆಂಥ್ರಾಕ್ಸ್ ರೋಗದ ಬೀಜವಿತ್ತು. ಇಂಗ್ಲೆಂಡ್ ಅಮೆರಿಕಗಳಲ್ಲಿ ಕೆನ್ನೆ ಕತ್ತುಗಳ ಸಣ್ಣ ಗೀರಿನ ಮೂಲಕ ರೋಗ ಹೊಕ್ಕು, ಸೈನಿಕರೂ ನಾಗರಿಕರೂ ಹಾಸಿಗೆ ಹಿಡಿದರು, ಸತ್ತವರೂ ಉಂಟು. 1920ರಲ್ಲಿ ಬ್ರಿಟನ್ ಜಪಾನಿನ ಕ್ಷೌರಕುಂಚಗಳ ಆಮದನ್ನೇ ನಿಷೇಧಿಸಿತು. ಈಗ ಆ ಭಯವಿಲ್ಲ. ಆದರೂ ಆ ಕಾಲದ ಹಳೆಯ ಕುಂಚವೇನಾದರೂ ಕೈಗೆ ಬಂದರೆ ಅದನ್ನು ಮುಖಕ್ಕೆ ತಗಲಿಸದಿರುವುದೇ ಲೇಸು.

ನಮ್ಮ ದೇಶದಲ್ಲಿಯೂ ಕುಂಚದ ಬೆಲೆಯನ್ನು ಮೂಕಪ್ರಾಣಿ ತೆತ್ತ ಕತೆಯುಂಟು. ಚಿತ್ರಕಾರರ ಕುಂಚಕ್ಕಾಗಿ ಮುಂಗುಸಿಗಳನ್ನು ಕೊಂದು ಕೂದಲು ಕೀಳುವ ದಂಧೆ, ಕಾನೂನಿನ ರಕ್ಷಣೆಯಿದ್ದರೂ, ಮತ್ತೆ ಮತ್ತೆ ಬೆಳಕಿಗೆ ಬಂದಿದೆ. ಅಂಗಡಿಯವನು ಹೇಳಿದ ದರವೊಂದೇ ಬೆಲೆಯಲ್ಲ. ಯಾರೋ, ಎಲ್ಲಿಯೋ, ಉಳಿದ ಬಾಕಿಯನ್ನು ಕಟ್ಟಿರುತ್ತಾರೆ.

ಹಾಗಾದರೆ ಸಾಮಾನ್ಯ ಸಂಬಳದವನು ಕೊಳ್ಳುವುದೆಂತು? ಹಿಡಿಯನ್ನು ನೋಡಬೇಡಿ, ಬುಡವನ್ನು ನೋಡಿ. ಎಳೆಗಳನ್ನು ಬೆರಳಿನಿಂದ ಅಗಲಿಸಿದಾಗ ನಡುವೆ ಟೊಳ್ಳು ಕಾಣಬಾರದು. ಮೆಲ್ಲಗೆ ಎಳೆದರೆ ಎರಡು ಮೂರು ಕೂದಲು ಬಂದಾವು, ಗೊಂಚಲು ಬರಬಾರದು. ಅಂಗೈಯ ಮೇಲೆ ಒತ್ತಿ ಬಿಟ್ಟರೆ ಕುಂಚ ನೆಟ್ಟಗೆ ನಿಲ್ಲಬೇಕು. ಕಟ್ಟಿನ ಬುಡದ ಅಡ್ಡಳತೆ 20ರಿಂದ 24 ಮಿಲಿಮೀಟರ್ ಇದ್ದರೆ ಸಾಮಾನ್ಯ ಮುಖಕ್ಕೆ ಧಾರಾಳವಾಯಿತು. ಈ ಪರೀಕ್ಷೆಯಲ್ಲಿ ಗೆದ್ದ ಹಂದಿಕೂದಲಿನ ಅಥವಾ ಕೃತಕ ಎಳೆಯ ಕುಂಚವು ಹಲವು ಪಟ್ಟು ಬೆಲೆಯ ಬ್ಯಾಜರಿಗೆ ನಾಚಬೇಕಾಗಿಲ್ಲ.

ಮಾಡಿಕೊಳ್ಳುವ ದಾರಿಯೂ ಇದೆ. ಎಳೆಯ ಕಟ್ಟು ಮಾತ್ರವೇ ಬಿಡಿಯಾಗಿ ಮಾರಾಟಕ್ಕೆ ಸಿಗುತ್ತದೆ. ನಮ್ಮ ತಂದೆಯವರ ಮರದ ಹಿಡಿಯೊಂದು ಕೂದಲುದುರಿ ಬೋಳಾಗಿ ಮೂಲೆ ಸೇರಿತ್ತು. ಅದನ್ನು ನಮ್ಮ ಬೀದಿಯ ಬಡಗಿ ಆಚಾರ್ಯರಿಗೆ ತೋರಿಸಿದೆ. ಅವರು ತಮ್ಮ ಬೋಳುತಲೆಯನ್ನು ಸವರಿಕೊಂಡು, “ಮೇಷ್ಟ್ರೇ, ಹಿಡಿ ಗಟ್ಟಿಯಾಗಿದೆ. ಕೂದಲು ಹೋಯಿತೆಂದು ಎಸೆಯುವುದಾದರೆ ನನ್ನನ್ನೂ ಎಸೆಯಬೇಕಾದೀತು” ಎಂದರು. ಹಳೆಯ ಅಂಟನ್ನು ಕೆತ್ತಿ, ಕಟ್ಟಿಗಿಂತ ಕೂದಲೆಳೆಯಷ್ಟು ಅಗಲವಾಗಿ ಗುಳಿ ಕೊರೆದುಕೊಟ್ಟರು. ಕಟ್ಟನ್ನು ಆಳಕ್ಕೆ ಇಳಿಸಿದರೆ ಕುಂಚ ಬಿರುಸು, ಮೇಲಕ್ಕೆ ಬಿಟ್ಟರೆ ಮೆದು. ಆದ್ದರಿಂದ ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿ, ಆಮೇಲೆ ನೀರಿಗೆ ಜಗ್ಗದ ಎಪಾಕ್ಸಿ ಅಂಟು ಹಾಕಿ, ಒಂದು ದಿನ ಅಲುಗಿಸದೆ ಇಡಬೇಕು. ಹಿಡಿಗೆ ನೀರು ತಡೆಯುವ ವಾರ್ನಿಷ್ ಬೇಕು. ಚನ್ನಪಟ್ಟಣದ ಅರಗಿನ ಬಣ್ಣ ಕಣ್ಣಿಗೆ ಹಬ್ಬವಾದರೂ, ಶಾಖಕ್ಕೆ ಮೆದುವಾಗುವುದೇ ಅರಗಿನ ಗುಣ. ಬಿಸಿನೀರಿನ ನಿತ್ಯಸಂಗಕ್ಕೆ ಅದು ತಕ್ಕುದಲ್ಲ.

ಕೊಂಡದ್ದಾಗಲಿ, ಮಾಡಿದ್ದಾಗಲಿ, ಕುಂಚದ ಆಯುಸ್ಸು ಆರೈಕೆಯಲ್ಲಿದೆ. ಬುಡದಲ್ಲಿ ಸಾಬೂನು ಉಳಿಯದಂತೆ ತೊಳೆಯಿರಿ, ನೀರನ್ನು ಝಾಡಿಸಿ, ಗಾಳಿಯಾಡುವೆಡೆ ಇಡಿ. ಒದ್ದೆಯಾಗಿರುವಾಗ ಡಬ್ಬಿಯಲ್ಲಿ ಮುಚ್ಚಬೇಡಿ. ಇಷ್ಟು ಮಾಡಿದರೆ ಸಾಧಾರಣ ಬೆಲೆಯ ಕುಂಚವೂ ವರ್ಷಗಟ್ಟಲೆ ಸೇವೆ ಸಲ್ಲಿಸುತ್ತದೆ. ಎಳೆ ಸವೆದ ಮೇಲೂ ಹಿಡಿ ಉಳಿದಿರುತ್ತದೆ. ಅದಕ್ಕೆ ಮತ್ತೊಂದು ಕಟ್ಟನ್ನು ಕೂರಿಸಲು ನಿಮ್ಮ ಬೀದಿಯಲ್ಲಿಯೂ ಒಬ್ಬ ಬಡಗಿ ಇದ್ದೇ ಇರುತ್ತಾನೆ.